ಮುಂಗಡ ಹಿಡಿಯುವ ಮುಂಚೆ: ಜೀತ ಮತ್ತು ಮಾನವ ಸಾಗಾಟದ ಬಗ್ಗೆ ನಿಮ್ಮೂರಲ್ಲಿ ಅರಿವು ಮೂಡಿಸುವುದು ಹೇಗೆ

ಪ್ರತಿ ವರ್ಷ ಜುಲೈ 30, ವಿಶ್ವ ಮಾನವ ಸಾಗಾಟ ವಿರೋಧಿ ದಿನ ಬಂತು ಅಂದರೆ ತಾಲ್ಲೂಕು ಕೇಂದ್ರದಲ್ಲಿ ಒಂದು ಕಾರ್ಯಕ್ರಮ ಇದ್ದೇ ಇರುತ್ತದೆ. ಬ್ಯಾನರ್, ದೀಪ, ಸ್ವಾಗತ ಗೀತೆ, ನಾಲ್ಕು ಭಾಷಣ, ಉಪ್ಪಿಟ್ಟು. ಫೆಬ್ರವರಿ 9ಕ್ಕೆ ಜೀತ ನಿರ್ಮೂಲನಾ ದಿನ, ಆಗಲೂ ಅದೇ. ಮುಂದಿನ ಸಾಲಲ್ಲಿ ಅಧಿಕಾರಿಗಳು, ಹಿಂದೆ ಯೂನಿಫಾರಂ ಹಾಕಿಕೊಂಡ ಹೈಸ್ಕೂಲು ಮಕ್ಕಳು. ಯಾರ ಕಿವಿಗೆ ಈ ಮಾತು ಬೀಳಬೇಕಿತ್ತೋ ಅವರು ಫೆಬ್ರವರಿಯಲ್ಲಿ ಊರಲ್ಲೇ ಇರುವುದಿಲ್ಲ. ಇಟ್ಟಿಗೆ ಗೂಡಿನಲ್ಲೋ, ಕಬ್ಬಿನ ಗದ್ದೆಯಲ್ಲೋ, ಕಾಫಿ ತೋಟದ ಲೈನ್ ಮನೆಯಲ್ಲೋ ಇರುತ್ತಾರೆ.

ಈ ಬರಹ ಅಂಥ ಸಭೆ ಮಾಡುವುದು ಹೇಗೆ ಅಂತ ಹೇಳುವುದಕ್ಕಲ್ಲ. ಒಂದು ಮನೆಯವರು ಮೇಸ್ತ್ರಿ (ಆಳುಗಳನ್ನು ಒಟ್ಟುಮಾಡಿ ಕೆಲಸಕ್ಕೆ ಕರೆದೊಯ್ಯುವವನು) ಕೈಯಿಂದ ಮುಂಗಡ ಹಿಡಿಯುವ ಮುಂಚೆ ಅವರಿಗೆ ನಾಲ್ಕು ವಿಷಯ ಗೊತ್ತಿರಬೇಕು. ಅವರು ದುಡಿಯುವ ಜಾಗದ ಅಕ್ಕಪಕ್ಕದವರಿಗೆ ಇನ್ನು ನಾಲ್ಕು ಗೊತ್ತಿರಬೇಕು. ಇಷ್ಟನ್ನು ಆಗಮಾಡಿಸುವುದು ಹೇಗೆ ಅನ್ನುವುದೇ ಇಲ್ಲಿನ ವಿಷಯ. ನೀವು ಮೇಷ್ಟ್ರಾಗಿರಬಹುದು, ಸ್ವಸಹಾಯ ಸಂಘದವರಾಗಿರಬಹುದು, ಪಂಚಾಯಿತಿ ಸದಸ್ಯರಾಗಿರಬಹುದು, ಕಾಲೇಜಿನ ಎನ್‌ಎಸ್‌ಎಸ್ ಹುಡುಗರಾಗಿರಬಹುದು. ದುಡ್ಡು ಜಾಸ್ತಿ ಬೇಕಿಲ್ಲ, ಸಮಯ ಮತ್ತು ತಾಳ್ಮೆ ಬೇಕು.

ಹೆಜ್ಜೆ 1: ಮೊದಲು ನೀವು ಕಾನೂನು ತಿಳಿದುಕೊಳ್ಳಿ

ಜೀತ ಅಂದ ತಕ್ಷಣ ನಮ್ಮ ತಲೆಯಲ್ಲಿ ಬರುವುದು ಗೌಡರ ಮನೆ ಕೊಟ್ಟಿಗೆಯಲ್ಲಿ ಮಲಗುವ ಆಳು, ಕಾಲಿಗೆ ಸರಪಳಿ, ಕೈಯಲ್ಲಿ ಚಾವಟಿ ಹಿಡಿದ ಧಣಿ. ಇವತ್ತಿನ ಜೀತದಲ್ಲಿ ಸರಪಳಿ ಕಾಣುವುದು ಅಪರೂಪ. ಗೇಟು ತೆರೆದೇ ಇರುತ್ತದೆ. ಊರ ಹಬ್ಬಕ್ಕೆ ಗಂಡನನ್ನು ಕಳಿಸಿಯೂ ಕೊಡುತ್ತಾರೆ, ಹೆಂಡತಿ ಮಕ್ಕಳು ಮಾತ್ರ ಅಲ್ಲೇ ಇರಬೇಕು. ಅವನು ವಾಪಸ್ ಬಂದೇ ಬರುತ್ತಾನೆ, ಅಲ್ವಾ? ಬೀಗ ಹಾಕುವ ಅಗತ್ಯವೇ ಇಲ್ಲ.

ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟ, ಬಿಟ್ಟಿ ಚಾಕರಿ, ಒತ್ತಾಯದ ದುಡಿಮೆ ಮೂರನ್ನೂ ನಿಷೇಧಿಸಿದೆ. ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆ ಬಂದಿದ್ದು 1976ರಲ್ಲಿ, ಅದು ಜಾರಿಗೆ ಬಂದಿದ್ದು ಹಿಂದಿನ ವರ್ಷದ ಅಕ್ಟೋಬರ್ 25ರಿಂದಲೇ ಅಂತ ಲೆಕ್ಕ. ಕಾಯ್ದೆಯ ಪ್ರಕಾರ ಮುಂಗಡವೋ ಸಾಲವೋ ಹಳೆಯ ಬಾಕಿಯೋ ಕಾರಣವಾಗಿ ಒಬ್ಬ ಮನುಷ್ಯ ನಾಲ್ಕರಲ್ಲಿ ಯಾವುದಾದರೂ ಒಂದು ಸ್ವಾತಂತ್ರ್ಯ ಕಳೆದುಕೊಂಡರೂ ಅದು ಜೀತ: ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ, ಎಲ್ಲಿಗೆ ಬೇಕಾದರೂ ಓಡಾಡುವ ಸ್ವಾತಂತ್ರ್ಯ, ಸರಿಯಾದ ಕೂಲಿ ಪಡೆಯುವ ಹಕ್ಕು, ತನ್ನ ದುಡಿಮೆಯನ್ನು ಮಾರುಕಟ್ಟೆ ದರಕ್ಕೆ ಮಾರುವ ಹಕ್ಕು. ನಾಲ್ಕೂ ಹೋಗಬೇಕಿಲ್ಲ, ಒಂದು ಹೋದರೆ ಸಾಕು. ಈ ಒಂದು ಮಾತು ಎಷ್ಟೋ ಅಧಿಕಾರಿಗಳಿಗೇ ಗೊತ್ತಿರುವುದಿಲ್ಲ.

1982ರಲ್ಲಿ ದೆಹಲಿ ಏಷ್ಯನ್ ಗೇಮ್ಸ್‌ಗೆ ಕಟ್ಟಡ ಕಟ್ಟುತ್ತಿದ್ದ ಕೂಲಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ಯಾರಾದರೂ ದುಡಿಯುತ್ತಿದ್ದರೆ ಅದು ಒತ್ತಾಯದ ದುಡಿಮೆಯೇ, ಯಾಕೆಂದರೆ ಹಸಿವೂ ಒಂದು ಒತ್ತಾಯ ಅಂದಿತು. ಮುಂದಿನ ವರ್ಷ, 1983ರಲ್ಲಿ, ಫರೀದಾಬಾದಿನ ಕಲ್ಲು ಕ್ವಾರಿ ಕಾರ್ಮಿಕರ ಪ್ರಕರಣದಲ್ಲಿ, ಒತ್ತಾಯದ ದುಡಿಮೆ ಕಂಡರೆ ಅದರ ಹಿಂದೆ ಮುಂಗಡ ಇದೆ ಅಂತಲೇ ತಿಳಿಯಬೇಕು ಅಂದಿತು.

ಜನರಿಗೆ ಹೇಳಲೇಬೇಕಾದ ಮೂರು ವಿಷಯ ಇಲ್ಲಿವೆ, ಇವನ್ನು ಬಾಯಿಪಾಠ ಮಾಡಿಕೊಳ್ಳಿ. ಒಂದು, ಜೀತದ ಸಾಲ ಕಾನೂನಿನ ಕಣ್ಣಿಗೆ ಸತ್ತುಹೋದ ಸಾಲ, ಅದನ್ನು ತೀರಿಸಬೇಕಿಲ್ಲ. ಸತ್ತ ಸಾಲವನ್ನು ವಸೂಲಿ ಮಾಡಿದರೆ ವಸೂಲಿ ಮಾಡಿದವನಿಗೇ ಮೂರು ವರ್ಷದವರೆಗೆ ಜೈಲು. ಎರಡು, ಇದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡಬೇಕಾದವನು ದುಡ್ಡು ಕೊಟ್ಟವನು, ದುಡಿದವನಲ್ಲ. ಮೂರು, ಮೋಸ ಮಾಡಿ, ಹೆದರಿಸಿ ಅಥವಾ ಆಮಿಷ ತೋರಿಸಿ ಜನರನ್ನು ಶೋಷಣೆಗೆ ಸಾಗಿಸುವುದು ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಪ್ರಕಾರ ಅಪರಾಧ. ಕನಿಷ್ಠ ಏಳು ವರ್ಷ, ಮಕ್ಕಳಾದರೆ ಕನಿಷ್ಠ ಹತ್ತು ವರ್ಷ ಶಿಕ್ಷೆ. ‘ಅವರೇ ಒಪ್ಪಿ ಬಂದರು ಸ್ವಾಮಿ’ ಅನ್ನುವ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ದುಡಿಯುವವರು ಪರಿಶಿಷ್ಟ ಜಾತಿ, ಪಂಗಡದವರಾಗಿದ್ದರೆ (ಬಹುಪಾಲು ಅವರೇ ಆಗಿರುತ್ತಾರೆ) ದೌರ್ಜನ್ಯ ತಡೆ ಕಾಯ್ದೆಯೂ ಸೇರುತ್ತದೆ.

ಹೆಜ್ಜೆ 2: ನಿಮ್ಮ ಭಾಗದ ಕ್ಯಾಲೆಂಡರ್ ಬರೆಯಿರಿ

ಜಾಗೃತಿ ಸಭೆಗೆ ದಿನ ಆರಿಸುವುದು ಅತಿಥಿಗಳ ಅನುಕೂಲ ನೋಡಿ. ಇದು ತಪ್ಪು. ದಿನ ಆರಿಸಬೇಕಾದ್ದು ಮೇಸ್ತ್ರಿಯ ಅನುಕೂಲ ನೋಡಿ. ಅವನು ಯಾವಾಗ ಊರಿಗೆ ಬರುತ್ತಾನೋ ಅದಕ್ಕಿಂತ ಎರಡು ಮೂರು ವಾರ ಮುಂಚೆ ನೀವು ಹೋಗಿರಬೇಕು.

ಕಲ್ಯಾಣ ಕರ್ನಾಟಕದಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಜನ ಗುಳೆ ಹೋಗುವುದು ಮುಂಗಾರಿನ ಕೆಲಸ ಮುಗಿದ ಮೇಲೆ. ಕಬ್ಬು ಕಟಾವು ಶುರುವಾಗುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ. ಕಟಾವಿನ ಗ್ಯಾಂಗಿಗೆ ಮುಂಗಡ ಹಂಚುವ ಮುಕಾದಮ ಅದಕ್ಕೂ ಮುಂಚೆ ಬಂದಿರುತ್ತಾನೆ. ಇಟ್ಟಿಗೆ ಗೂಡಿಗೆ ಬೆಂಕಿ ಬೀಳುವುದು ಮಳೆ ನಿಂತ ಮೇಲೆ, ಕೆಲಸ ಮುಗಿಯುವುದು ಮತ್ತೆ ಮಳೆ ಬಂದಾಗ. ಕೊಡಗು, ಚಿಕ್ಕಮಗಳೂರಿನ ಕಾಫಿ ಕೊಯ್ಲು ಡಿಸೆಂಬರಿನಿಂದ ಮಾರ್ಚ್ ತನಕ. ಹೀಗೆ ನೋಡಿದರೆ ನಿಮ್ಮ ಕಾರ್ಯಕ್ರಮ ನಡೆಯಬೇಕಾದ್ದು ಗಣೇಶನ ಹಬ್ಬದಿಂದ ದಸರಾ ನಡುವೆ. ಮಗಳ ಮದುವೆ, ಆಸ್ಪತ್ರೆ ಖರ್ಚು, ಮಳೆಗೆ ಬಿದ್ದ ಗೋಡೆ ಎಲ್ಲವೂ ತಲೆ ಮೇಲಿರುವ ಕಾಲ ಅದು. ಕೈಯಲ್ಲಿ ಐವತ್ತು ಸಾವಿರ ಒಟ್ಟಿಗೆ ಇಡುವವನು ದೇವರಂತೆ ಕಾಣುತ್ತಾನೆ.

ನೀವು ಬೆಂಗಳೂರು ಗ್ರಾಮಾಂತರದಲ್ಲೋ ಹೊಸೂರು ರಸ್ತೆ ಆಸುಪಾಸಿನಲ್ಲೋ ಇದ್ದರೆ ನಿಮ್ಮದು ಜನ ಹೋಗುವ ಊರಲ್ಲ, ಜನ ಬರುವ ಊರು. ಒಡಿಶಾದ ಬಲಾಂಗೀರ್ ಕಡೆಯಿಂದ ಕುಟುಂಬ ಸಮೇತ ಇಟ್ಟಿಗೆ ಗೂಡಿಗೆ ಬರುವವರಿದ್ದಾರೆ. ಅಂಥ ಕಡೆ ನಿಮ್ಮ ಕ್ಯಾಲೆಂಡರ್ ಬೇರೆ, ಭಾಷೆ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಹೆಜ್ಜೆ 3: ಭಾಷಣ ಬಿಡಿ, ಲೆಕ್ಕ ಮಾಡಿ ತೋರಿಸಿ

ಹುಡುಗಿಯ ಬಾಯಿ ಒತ್ತಿ ಕಾರಿಗೆ ಎಳೆದುಕೊಳ್ಳುವ ಚಿತ್ರದ ಪೋಸ್ಟರ್ ಅಂಟಿಸುತ್ತಾರಲ್ಲ, ಅದನ್ನು ನೋಡಿದವರು ‘ನಮ್ಮೂರಲ್ಲಿ ಹಿಂಗೆಲ್ಲ ಆಗಲ್ಲ ಬಿಡಿ’ ಅಂದುಕೊಂಡು ಮನೆಗೆ ಹೋಗುತ್ತಾರೆ. ನಿಜಕ್ಕೂ ಆಗುವುದು ಹಾಗಲ್ಲ. ಕರೆದುಕೊಂಡು ಹೋಗುವವನು ಗುರುತಿನವನು. ಅದೇ ಕೇರಿಯವನು, ಸಂಬಂಧಿಕ, ಹೋದ ವರ್ಷ ತಾನೇ ಕೂಲಿಗೆ ಹೋಗಿ ಈ ವರ್ಷ ಮೇಸ್ತ್ರಿ ಆದವನು. ಆದ್ದರಿಂದ ರಾಕ್ಷಸನ ಚಿತ್ರ ಬಿಡಿಸಬೇಡಿ. ಒಂದು ಕಪ್ಪು ಹಲಗೆ ತನ್ನಿ. ಮುಂಗಡದ ಲೆಕ್ಕ ಬರೆಯಿರಿ.

ಲೆಕ್ಕಕ್ಕೆ ಅಂತ ಹೀಗೆ ಇಟ್ಟುಕೊಳ್ಳಿ. ಗಂಡ ಹೆಂಡತಿ ಇಬ್ಬರಿಗೂ ಸೇರಿ 60,000 ಮುಂಗಡ. ಸಾವಿರ ಇಟ್ಟಿಗೆ ಕೊಯ್ದರೆ 600 ರೂಪಾಯಿ. ದಿನಕ್ಕೆ ಇಬ್ಬರೂ ಸೇರಿ ಸಾವಿರ ಇಟ್ಟಿಗೆ, ವಾರಕ್ಕೆ ಆರು ದಿನ, ಅಂದರೆ 3,600. ವಾರದ ಬಟವಾಡೆಯಲ್ಲಿ ಅಕ್ಕಿ ಬೇಳೆ ಖರ್ಚಿಗೆ ಅಂತ ಕೈಗೆ ಬರುವುದು 1,500. ಉಳಿದ 2,100 ಮುಂಗಡಕ್ಕೆ ಜಮಾ. 60,000 ತೀರಬೇಕಾದರೆ 29 ವಾರ ಬೇಕು. ಗೂಡು ನಡೆಯುವುದು 25 ವಾರ ಅಂತಿಟ್ಟುಕೊಂಡರೆ ಕೊನೆಗೆ 7,500 ಬಾಕಿ. ಇದು ಒಂದು ದಿನವೂ ಜ್ವರ ಬಾರದೆ, ಒಂದು ಹನಿ ಅಕಾಲ ಮಳೆ ಬೀಳದೆ, ಒಂದು ಇಟ್ಟಿಗೆ ಒಡೆಯದೆ ಇದ್ದರೆ. ಎರಡು ವಾರ ಕೆಲಸ ನಿಂತಿತು ಅನ್ನಿ. ಆ ಎರಡು ವಾರದ ಜಮಾ 4,200 ಹೋಯಿತು, ಊಟದ ಖರ್ಚು 3,000 ಸಾಲಕ್ಕೆ ಸೇರಿತು. ಬಾಕಿ 14,700. ಅದನ್ನು ತೀರಿಸಲು ಮುಂದಿನ ವರ್ಷ ಅದೇ ಗೂಡಿಗೇ ಹೋಗಬೇಕು, ಬೇರೆ ಕಡೆ ಜಾಸ್ತಿ ಕೂಲಿ ಸಿಕ್ಕರೂ ಹೋಗುವಂತಿಲ್ಲ. ನೋಡಿ, ಮೊದಲ ಹೆಜ್ಜೆಯಲ್ಲಿ ಹೇಳಿದ ಒಂದು ಸ್ವಾತಂತ್ರ್ಯ ಇಲ್ಲೇ ಹೋಯಿತು.

ಈ ಲೆಕ್ಕವನ್ನು ನೀವೇ ಪೂರ್ತಿ ಮಾಡಬೇಡಿ. ಸಭೆಯಲ್ಲಿ ಕೂತವರಿಂದಲೇ ಮೊತ್ತ ಹೇಳಿಸಿ: ನಿಮಗೆ ಸಾವಿರಕ್ಕೆ ಎಷ್ಟು ಕೊಟ್ಟರು, ವಾರಕ್ಕೆ ಎಷ್ಟು ಕೈಗೆ ಬಂತು, ಆಸ್ಪತ್ರೆಗೆ ಹೋದ ದಿನ ಎಷ್ಟು ಬರೆದುಕೊಂಡರು. ಅವರ ಸಂಖ್ಯೆ ಹಲಗೆ ಮೇಲೆ ಬಂದಾಗಲೇ ಸಭೆಯಲ್ಲಿ ಗುಸುಗುಸು ಶುರುವಾಗುವುದು. ಆಮೇಲೆ ಎರಡನೇ ಲೆಕ್ಕ: 600 ರೂಪಾಯಿಯನ್ನು ಇಬ್ಬರಿಗೆ ಭಾಗ ಮಾಡಿ. ತಲೆಗೆ 300. ಮಣ್ಣು ತುಳಿಯಲು ನಿಂತ ಮಗನನ್ನೂ ಸೇರಿಸಿದರೆ 200. ಪಕ್ಕದಲ್ಲಿ ಕಾರ್ಮಿಕ ಇಲಾಖೆ ಹೊರಡಿಸಿದ ಈ ವರ್ಷದ ಕನಿಷ್ಠ ಕೂಲಿ ದರ ಬರೆಯಿರಿ. ಪ್ರತಿ ಏಪ್ರಿಲ್‌ಗೆ ತುಟ್ಟಿಭತ್ಯೆ ಸೇರಿ ದರ ಬದಲಾಗುತ್ತದೆ, ಹಾಗಾಗಿ ಹೋದ ವರ್ಷದ ಹಾಳೆ ಹಿಡಿದುಕೊಂಡು ಹೋಗಬೇಡಿ.

ಹೆಜ್ಜೆ 4: ಹೋಗಬೇಡಿ ಅನ್ನಬೇಡಿ, ಏನು ಕೇಳಬೇಕು ಹೇಳಿಕೊಡಿ

ಗುಳೆ ಹೋಗಬೇಡಿ ಅಂತ ಹೇಳುವ ಹಕ್ಕು ನಮಗಿಲ್ಲ. ಊರಲ್ಲಿ ಕೆಲಸ ಇದ್ದಿದ್ದರೆ ಎಳೆ ಮಗು ಕಟ್ಟಿಕೊಂಡು ಯಾರು ಹೋಗುತ್ತಿದ್ದರು? ಹೋಗುವವರು ಕೈಕಾಲು ಕಟ್ಟಿಸಿಕೊಳ್ಳದೆ ಹೋಗಲಿ, ಅಷ್ಟೇ.

ಮುಂಗಡ ಕೊಡಲು ಬಂದವನಿಗೆ ಕೇಳಬೇಕಾದ ಪ್ರಶ್ನೆಗಳು ಇವು. ಕೆಲಸ ಯಾವ ಊರಲ್ಲಿ, ಮಾಲೀಕರ ಹೆಸರೇನು, ಫೋನ್ ನಂಬರ್ ಏನು? ಕೂಲಿ ದಿನಕ್ಕೋ, ಸಾವಿರಕ್ಕೋ, ಟನ್ನಿಗೋ, ಮತ್ತು ಎಷ್ಟು? ವಾರಕ್ಕೆ ಕೈಗೆ ಎಷ್ಟು? ಲೆಕ್ಕದ ಪುಸ್ತಕ ನಮ್ಮ ಹತ್ತಿರವೂ ಒಂದು ಇರುತ್ತದಾ? ನಡುವೆ ಬಿಟ್ಟು ಬರಬೇಕಾದರೆ ಏನು? ಆಧಾರ್, ರೇಷನ್ ಕಾರ್ಡ್ ಕೇಳುತ್ತೀರಾ? ಕೊನೆಯ ಪ್ರಶ್ನೆಗೆ ‘ಹೌದು, ನಮ್ಮ ಹತ್ತಿರ ಇಟ್ಟುಕೊಳ್ಳುತ್ತೇವೆ’ ಅಂದರೆ ಅಲ್ಲಿಗೆ ಮಾತು ನಿಲ್ಲಿಸಿ. ಗುರುತಿನ ಪತ್ರ ಕಿತ್ತಿಟ್ಟುಕೊಳ್ಳುವುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಗುರುತಿಸಿರುವ ಒತ್ತಾಯದ ದುಡಿಮೆಯ 11 ಲಕ್ಷಣಗಳಲ್ಲಿ ಒಂದು. ಕೂಲಿ ತಡೆಹಿಡಿಯುವುದು, ಬೆದರಿಕೆ, ಮಿತಿಮೀರಿದ ದುಡಿಮೆ, ಹೊರಗಿನವರ ಸಂಪರ್ಕ ತಪ್ಪಿಸುವುದು ಇವೂ ಅದೇ ಪಟ್ಟಿಯಲ್ಲಿವೆ.

ಇದನ್ನು ಬೀದಿ ನಾಟಕದಲ್ಲಿ ಹೇಳಿದರೆ ಹತ್ತು ಭಾಷಣದ ಕೆಲಸ ಆಗುತ್ತದೆ. ತಮಟೆ ಬಾರಿಸಿ ಜನ ಸೇರಿಸಿ, ಹತ್ತೇ ನಿಮಿಷದ ಆಟ. ಆ ಊರಿನ ಮಾತಲ್ಲೇ ಇರಬೇಕು. ರಾಯಚೂರು ಕಡೆ ಆಡುವುದಾದರೆ ಇಷ್ಟು ಸಾಕು:

— ರೊಕ್ಕ ಈಗ ತಗೋ ತಮ್ಮಾ, ಮಗಳ ಮದಿವಿ ಮುಗಸು. ಕೆಲಸದ ಮಾತು ಆಮ್ಯಾಗ ಆಡೂಣು.
— ಮದಿವಿ ಇರ್ಲಿ ಅಣ್ಣಾರ, ಸಾವಿರ ಇಟ್ಟಂಗಿಗೆ ಎಷ್ಟ ಕೊಡ್ತೀರಿ ಅದ ಹೇಳ್ರಿ ಮೊದ್ಲ.
— ಏ, ಯಾಕವ್ವ, ನಾ ಏನ್ ಹೊರಗಿನಾವನಾ? ನನ್ ಮ್ಯಾಲ ನಂಬಿಗಿ ಇಲ್ಲೇನು?
— ನಂಬಿಗಿ ಐತ್ರಿ. ಚೀಟಿ ಮ್ಯಾಲ ಬರದ್ ಕೊಡ್ರಿ, ಇನ್ನೂ ಜಾಸ್ತಿ ಆಗ್ತೈತಿ.

ಪ್ರಶ್ನೆ ಕೇಳುವ ಪಾತ್ರ ಹೆಂಡತಿಯದ್ದಾಗಿರಲಿ. ಮುಂಗಡ ಹಿಡಿಯುವುದು ಸಾಮಾನ್ಯವಾಗಿ ಗಂಡ, ಅರ್ಧ ಇಟ್ಟಿಗೆ ಕೊಯ್ಯುವುದು ಅವಳು, ಪುಸ್ತಕದಲ್ಲಿ ಹೆಸರು ಇರುವುದು ಅವನದೊಂದೇ. ನಾಟಕ ನೋಡಿದ ಹೆಣ್ಣುಮಕ್ಕಳು ಮುಂದಿನ ಸಂಘದ ಸಭೆಯಲ್ಲಿ ಅದೇ ಮಾತು ಎತ್ತುತ್ತಾರೆ.

ಹೆಣ್ಣುಮಕ್ಕಳ ವಿಷಯಕ್ಕೆ ಇನ್ನೂ ಒಂದೆರಡು ಎಚ್ಚರಿಕೆ ಸೇರಿಸಿ. ಮನೆಗೆಲಸಕ್ಕೆ ಅಂತ ಹುಡುಗಿಯನ್ನು ಕಳಿಸಿ, ಓದಿಸುವ ಜವಾಬ್ದಾರಿ ನಮ್ಮದು ಅನ್ನುವವರು. ವರದಕ್ಷಿಣೆ ಬೇಡ, ಮದುವೆ ಖರ್ಚೂ ನಮ್ಮದೇ ಅಂತ ದೂರದ ರಾಜ್ಯದಿಂದ ಬಂದು, ವಾರದೊಳಗೆ ಮುಹೂರ್ತ ಇಡುವ ಗಂಡಿನ ಕಡೆಯವರು. ಅಂಥವರ ವಿಳಾಸ ಹುಡುಕಿಕೊಂಡು ಒಬ್ಬರಾದರೂ ಹೋಗಿ ಬರಲಿ.

ಹೆಜ್ಜೆ 5: ಜನ ಇರುವ ಜಾಗಕ್ಕೆ ನೀವೇ ಹೋಗಿ

ಸಭಾಂಗಣ ಬೇಡ. ವಾರದ ಸಂತೆ, ನ್ಯಾಯಬೆಲೆ ಅಂಗಡಿ ಮುಂದಿನ ಸಾಲು, ಉದ್ಯೋಗ ಖಾತ್ರಿ ಕೆಲಸದ ಜಾಗ, ಧರ್ಮಸ್ಥಳ ಸಂಘ ಅಥವಾ ಸ್ತ್ರೀಶಕ್ತಿ ಸಂಘದ ವಾರದ ಸಭೆ. ಇಲ್ಲೆಲ್ಲ ಜನ ಆಗಲೇ ಸೇರಿರುತ್ತಾರೆ. ಗುಳೆ ಬಸ್ಸು ಹೊರಡುವ ನಿಲ್ದಾಣ, ರೈಲು ನಿಲ್ದಾಣದ ಗೋಡೆ ಇವುಗಳ ಮೇಲೆ ಪೇಂಟಿನಲ್ಲಿ ಎರಡೇ ಸಾಲು ಬರೆಸಿ: ಮುಂಗಡಕ್ಕೆ ಜೀತ ಮಾಡಬೇಕಿಲ್ಲ. ಕಷ್ಟ ಬಂದರೆ 112. ಕಾಗದದ ಪೋಸ್ಟರ್ ಒಂದು ಮಳೆಗೆ ಹೋಗುತ್ತದೆ, ಪೇಂಟು ಎರಡು ವರ್ಷ ಇರುತ್ತದೆ.

ಓದಲು ಬಾರದವರಿಗೆ ವಾಟ್ಸಾಪ್ ಧ್ವನಿ ಸಂದೇಶ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ನಿಮಿಷ ಮೀರಬಾರದು. ಆ ಊರಿನ ಆಶಾ ಅಕ್ಕನೋ, ಅಂಗನವಾಡಿ ಟೀಚರೋ ಮಾತಾಡಿದ್ದಾಗಿರಲಿ. ಪರಿಚಯದ ಧ್ವನಿ ಇದ್ದರೆ ಜನ ಪೂರ್ತಿ ಕೇಳುತ್ತಾರೆ, ಮುಂದಕ್ಕೂ ಕಳಿಸುತ್ತಾರೆ. ಮಕ್ಕಳ ಗ್ರಾಮಸಭೆಯನ್ನೂ ಬಿಡಬೇಡಿ. ದಸರಾ ರಜೆ ಆದ ಮೇಲೆ ಶಾಲೆಗೆ ಬಾರದ ಹುಡುಗ ಎಲ್ಲಿ ಹೋದ ಅನ್ನುವುದು ಅಧಿಕಾರಿಗಳಿಗಿಂತ ಮುಂಚೆ ಪಕ್ಕದ ಬೆಂಚಿನವನಿಗೆ ಗೊತ್ತಿರುತ್ತದೆ.

ಜನ ಬರುವ ಊರಲ್ಲಿ ಕನ್ನಡದ ಕರಪತ್ರ ಹಂಚಿ ಪ್ರಯೋಜನವಿಲ್ಲ. ಒಡಿಯಾ, ಹಿಂದಿ, ತೆಲುಗು, ತಮಿಳಿನಲ್ಲಿ ಧ್ವನಿ ಸಂದೇಶ ಮಾಡಿಸಿ. ಗೂಡಿನ ಒಳಗೆ ಹೋಗಿ ಹಂಚುವುದು ಆಗದು, ಹೋಗಲೂ ಬೇಡಿ. ಭಾನುವಾರ ಅವರು ಸಾಮಾನು ಕೊಳ್ಳಲು ಬರುವ ಕಿರಾಣಿ ಅಂಗಡಿ, ಮೊಬೈಲ್ ರೀಚಾರ್ಜ್ ಅಂಗಡಿ, ನಾಟಿ ಔಷಧದವರು, ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಇವರೇ ನಿಮ್ಮ ದಾರಿ. ಅಂಗಡಿಯವನಿಗೆ ಹೇಳಿಕೊಡಬೇಕಾದ್ದು ಇಷ್ಟೇ: ಗಿರಾಕಿ ಯಾವಾಗಲೂ ಕಾವಲಿನವನ ಜೊತೆಗೇ ಬರುತ್ತಾನಾ, ದುಡ್ಡು ಕೊಡುವುದು ಯಾವಾಗಲೂ ಇನ್ನೊಬ್ಬನಾ, ಮಾತಾಡಿಸಿದರೆ ಕಣ್ಣು ತಪ್ಪಿಸುತ್ತಾನಾ. ಇನ್ನು ಮನೆ ಕಟ್ಟಿಸುವವರು, ನಾವೂ ನೀವೂ. ಲೋಡು ಇಟ್ಟಿಗೆಗೆ ಚೌಕಾಸಿ ಮಾಡುವಾಗ ‘ಆಳುಗಳಿಗೆ ಸಾವಿರಕ್ಕೆ ಎಷ್ಟು ಕೊಡುತ್ತೀರಿ’ ಅಂತ ಒಂದು ಮಾತು ಕೇಳಿದರೆ ಗಂಟೇನೂ ಹೋಗಲ್ಲ.

ಹೆಜ್ಜೆ 6: ಪಿಯುಸಿ, ಡಿಗ್ರಿ ಹುಡುಗರಿಗೆ ಬೇರೆ ಪಾಠ

ಓದಿದವರು ಮೋಸ ಹೋಗುವುದಿಲ್ಲ ಅಂತ ನಂಬಿಕೊಂಡಿದ್ದೆವು. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ, ಕೈತುಂಬ ಸಂಬಳ, ಟಿಕೆಟ್ ಅವರದೇ ಅಂತ ಟೆಲಿಗ್ರಾಮಿನಲ್ಲಿ ಬಂದ ಸಂದೇಶ ನಂಬಿ ಹೋದ ಎಷ್ಟೋ ಹುಡುಗರು ಗಡಿ ದಾಟಿ ಮ್ಯಾನ್ಮಾರಿನ ಮ್ಯಾವಡ್ಡಿ ಕಡೆಯ ಕಾಂಪೌಂಡುಗಳಿಗೆ ಸೇರಿದರು. ಕಾಂಬೋಡಿಯಾ, ಲಾವೋಸ್‌ನಲ್ಲೂ ಇದೇ ಕಥೆ. ಪಾಸ್‌ಪೋರ್ಟ್ ಕಿತ್ತುಕೊಂಡು ದಿನವಿಡೀ ಆನ್‌ಲೈನ್ ವಂಚನೆ ಮಾಡಿಸುತ್ತಾರೆ. ಗುರಿ ಮುಟ್ಟದಿದ್ದರೆ ಹೊಡೆತ, ಬಿಟ್ಟು ಹೋಗುತ್ತೇನೆ ಅಂದರೆ ಬಿಡುಗಡೆಗೆ ಲಕ್ಷಗಟ್ಟಲೆ ದುಡ್ಡು. ಕೊನೆಗೆ ಅದೂ ಮುಂಗಡದ ಲೆಕ್ಕವೇ. 2025ರ ಮಾರ್ಚ್‌ನಲ್ಲಿ ಎರಡೇ ದಿನದಲ್ಲಿ ವಾಯುಪಡೆ ವಿಮಾನಗಳಲ್ಲಿ 549 ಭಾರತೀಯರನ್ನು ಥಾಯ್ಲೆಂಡಿನ ಮೇ ಸೋಟ್‌ನಿಂದ ಕರೆತರಬೇಕಾಯಿತು.

ಕಾಲೇಜಿನಲ್ಲಿ ಅರ್ಧ ಗಂಟೆ ಸಿಕ್ಕರೆ ಭಾಷಣ ಮಾಡದೆ ಪ್ರೊಜೆಕ್ಟರ್ ಹಚ್ಚಿ, ವಿದೇಶಕ್ಕೆ ಕೆಲಸಕ್ಕೆ ಹೋಗುವವರಿಗೆ ಅಂತ ಕೇಂದ್ರ ಸರ್ಕಾರ ನಡೆಸುವ ಇ-ಮೈಗ್ರೇಟ್ ಜಾಲತಾಣ ತೆರೆಯಿರಿ. ಏಜೆಂಟ್ ಹೆಸರು ಅಲ್ಲಿ ನೋಂದಾಯಿತರ ಪಟ್ಟಿಯಲ್ಲಿ ಇದೆಯಾ ಅಂತ ಹುಡುಕುವುದನ್ನು ಮಕ್ಕಳಿಂದಲೇ ಮಾಡಿಸಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷ ಕೇಳಿದರೆ ಅಲ್ಲೇ ಗೊತ್ತಾಗಬೇಕು. ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಡುತ್ತೇವೆ ಅಂದರೆ ಹೋಗಬಾರದು. ಗಲ್ಫ್‌ಗೆ ಮನೆಗೆಲಸಕ್ಕೆ ಹೊರಟ ತಾಯಂದಿರಿಗೂ ಇದೇ ಮಾತು ಅನ್ವಯಿಸುತ್ತದೆ. ಪಾಸ್‌ಪೋರ್ಟ್, ವೀಸಾ, ಒಪ್ಪಂದ ಪತ್ರದ ಫೋಟೋ ಮನೆಯವರ ಫೋನಿನಲ್ಲಿ ಇರಲಿ.

ಹೆಜ್ಜೆ 7: ಸುಳಿವು ಬಂದರೆ ಏನು ಮಾಡಬೇಕು

ಅರಿವು ಮೂಡಿಸುವವರು ಹೆಚ್ಚಾಗಿ ಮರೆಯುವ ಭಾಗ ಇದು. ಜನರಿಗೆ ಧೈರ್ಯ ತುಂಬಿದಿರಿ, ಅವರು ಬಂದು ‘ನಮ್ಮ ತಂಗಿ ಮನೆಯವರು ಗೂಡಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ’ ಅಂದರು. ಈಗ? ನಿಮ್ಮ ಹತ್ತಿರ ಉತ್ತರ ಇಲ್ಲದಿದ್ದರೆ ಸಭೆ ಮಾಡದಿರುವುದೇ ಮೇಲು.

ಮೊದಲು ಮಾಡಬಾರದ್ದು. ನೀವೇ ಗೂಡಿಗೆ ನುಗ್ಗಬೇಡಿ, ಮಾಲೀಕನಿಗೆ ಫೋನ್ ಮಾಡಿ ಬೈಯಬೇಡಿ, ಫೇಸ್‌ಬುಕ್ ಲೈವ್ ಅಂತೂ ಬೇಡವೇ ಬೇಡ. ಸುದ್ದಿ ಸೋರಿದ ರಾತ್ರಿಯೇ ಕುಟುಂಬವನ್ನು ಲಾರಿಯಲ್ಲಿ ಬೇರೆ ಕಡೆ ಸಾಗಿಸಿಬಿಡುತ್ತಾರೆ.

ಮಾಡಬೇಕಾದ್ದು: ಎಷ್ಟು ಕುಟುಂಬ, ಎಷ್ಟು ಮಕ್ಕಳು, ಯಾವ ಊರಿನವರು, ಜಾಗದ ಗುರುತು, ಮುಂಗಡ ಎಷ್ಟು, ಏನು ತೊಂದರೆ ಇವನ್ನು ಬರೆದುಕೊಳ್ಳಿ. ಈಗಲೇ ಜೀವಕ್ಕೆ ಅಪಾಯ ಇದ್ದರೆ 112. ಮಕ್ಕಳಿದ್ದರೆ 1098. ಹೆಣ್ಣುಮಕ್ಕಳಿಗೆ 181. ಉಚಿತ ಕಾನೂನು ನೆರವಿಗೆ 15100. ಜೀತದ ಕಾಯ್ದೆಯಲ್ಲಿ ಮುಖ್ಯ ಅಧಿಕಾರ ಇರುವುದು ಜಿಲ್ಲಾಧಿಕಾರಿಗೆ, ಅವರು ಅಧಿಕಾರ ವಹಿಸಿಕೊಟ್ಟ ಉಪವಿಭಾಗಾಧಿಕಾರಿ, ತಹಶೀಲ್ದಾರರಿಗೆ. ಆದ್ದರಿಂದ ಅರ್ಜಿ ಅವರಿಗೆ ಹೋಗಬೇಕು, ಒಂದು ಪ್ರತಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಅರ್ಜಿ ದೊಡ್ಡದಾಗಬೇಕಿಲ್ಲ:

‘ಇಂಥ ಗ್ರಾಮದ ಇಟ್ಟಿಗೆ ಗೂಡಿನಲ್ಲಿ ಸುಮಾರು 5 ಕುಟುಂಬಗಳು ಮುಂಗಡ ಪಡೆದ ಕಾರಣಕ್ಕೆ ಕೆಲಸ ಬಿಟ್ಟು ಹೋಗಲಾಗದೆ, ಕನಿಷ್ಠ ಕೂಲಿಯೂ ಸಿಗದೆ ದುಡಿಯುತ್ತಿರುವುದು ತಿಳಿದುಬಂದಿದೆ. 1976ರ ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆಯಂತೆ ಕೂಡಲೇ ಸ್ಥಳ ತನಿಖೆ ನಡೆಸಿ, ಕಾರ್ಮಿಕರ ಹೇಳಿಕೆಯನ್ನು ಮಾಲೀಕರಿಲ್ಲದ ಜಾಗದಲ್ಲಿ ಪಡೆದು, ಬಿಡುಗಡೆ ಪ್ರಮಾಣಪತ್ರ ನೀಡಬೇಕೆಂದು ಕೋರುತ್ತೇವೆ.’

ಮಾಲೀಕರಿಲ್ಲದ ಜಾಗದಲ್ಲಿ ಅನ್ನುವ ಮಾತನ್ನು ಬಿಡಲೇಬೇಡಿ. ಅಧಿಕಾರಿ ಜೀಪಿನಿಂದ ಇಳಿದು, ಮಾಲೀಕ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರುವಾಗ, ‘ಏನಪ್ಪಾ, ಇಲ್ಲಿ ನಿನ್ನನ್ನು ಕೂಡಿಹಾಕಿದ್ದಾರಾ?’ ಅಂತ ಕೇಳಿದರೆ ಯಾರು ತಾನೇ ಹೌದು ಅಂತಾರೆ? ‘ಇಲ್ಲ ಸಾರ್, ಚೆನ್ನಾಗಿ ನೋಡ್ಕೋತಾರೆ’ ಅಂದುಬಿಡುತ್ತಾರೆ, ಕಡತ ಅಲ್ಲಿಗೆ ಮುಚ್ಚುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಎಷ್ಟು ಮುಂಗಡ ತಗೊಂಡಿರಿ? ಬಾಕಿ ಇರುವಾಗ ಪಕ್ಕದ ಗೂಡಿಗೆ ಹೋದರೆ ಏನಾಗುತ್ತದೆ? ಊರಿಗೆ ಹೋಗುವಾಗ ಮನೆಯವರೆಲ್ಲ ಒಟ್ಟಿಗೆ ಹೋಗಬಹುದಾ? ಈ ಪ್ರಶ್ನೆಗಳನ್ನು ನಿಮ್ಮ ಸಭೆಗಳಲ್ಲಿ ಜನರ ಮುಂದೆ ಮೊದಲೇ ಆಡಿಸಿಟ್ಟರೆ, ಕೇಳುವ ದಿನ ಬಂದಾಗ ಉತ್ತರ ತಡವರಿಸುವುದಿಲ್ಲ.

‘ಇದು ಬರೀ ಕೂಲಿ ಜಗಳ ಕಣ್ರೀ, ನೀವು ಮಾತಾಡಿ ಮುಗಿಸಿಕೊಳ್ಳಿ’ ಅಂತ ಠಾಣೆಯಲ್ಲಿ ಹೇಳಿದರೆ ಎದ್ದು ಬರಬೇಡಿ. ಅರ್ಜಿಯ ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಹಾಕದಿದ್ದರೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ. ಜೀತ ವಿಮುಕ್ತಿಗೆ ಮೊದಲಿಂದ ದುಡಿಯುತ್ತಿರುವ ಜೀವಿಕ, ಮಾನವ ಸಾಗಾಟದ ವಿಷಯದಲ್ಲಿ ಮೈಸೂರಿನ ಒಡನಾಡಿ ಅಂಥ ಸಂಸ್ಥೆಗಳ ಕಾರ್ಯಕರ್ತರಿಗೆ ಈ ದಾರಿಯ ಏರುಪೇರು ಎಲ್ಲ ಗೊತ್ತು. ಮೊದಲ ಅರ್ಜಿಗೆ ಅಂಥವರನ್ನು ಜೊತೆಗೆ ಕರೆದುಕೊಳ್ಳಿ.

ಬಿಡುಗಡೆ ಪ್ರಮಾಣಪತ್ರದ ಬಗ್ಗೆ ಎರಡು ಮಾತು. ಕರೆತಂದು ಬಸ್ಸು ಹತ್ತಿಸಿ ಊರಿಗೆ ಕಳಿಸಿದರೆ ಕೆಲಸ ಮುಗಿಯಲಿಲ್ಲ, ಈ ಒಂದು ಹಾಳೆ ಕೈಗೆ ಬರದಿದ್ದರೆ ಸರ್ಕಾರದ ಲೆಕ್ಕದಲ್ಲಿ ಅವರು ಜೀತದಲ್ಲಿ ಇರಲೇ ಇಲ್ಲ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣದ ನೆರವು 30,000 ರೂಪಾಯಿವರೆಗೆ ಇದೆ. ಆಮೇಲೆ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆ, ಸಾಗಾಟದಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ. ಈ ದೊಡ್ಡ ಮೊತ್ತ ಕೈಸೇರಲು ಪ್ರಕರಣ ಎಳೆಯುತ್ತದೆ, ಅದನ್ನು ಮೊದಲೇ ಹೇಳಿಬಿಡಿ. ಸುಮ್ನೆ ಆಸೆ ಹುಟ್ಟಿಸಬೇಡಿ.

ಹೆಜ್ಜೆ 8: ಬಂದವರನ್ನು ವೇದಿಕೆಗೆ ಎಳೆಯಬೇಡಿ

ಬಿಡುಗಡೆಯಾಗಿ ಬಂದವರ ಮಾತಿಗೆ ಇರುವ ತೂಕ ಬೇರೆ ಯಾರ ಮಾತಿಗೂ ಇಲ್ಲ, ನಿಜ. ಆದರೆ ಮೈಕ್ ಕೈಗೆ ಕೊಟ್ಟು ‘ನಿಮ್ಮ ಕಷ್ಟ ಹೇಳಿ’ ಅನ್ನುವುದು, ಅಳುವಾಗ ಫೋಟೋ ತೆಗೆಯುವುದು, ಪತ್ರಿಕೆಗೆ ಕಳಿಸುವುದು ಇದೆಲ್ಲ ಅಸಹ್ಯ. ಮಾತಾಡುತ್ತೇನೆ ಅಂತ ಅವರಾಗಿ ಮುಂದೆ ಬಂದರೆ ಮಾತಾಡಲಿ, ಏನು ಹೇಳಬೇಕು ಅನ್ನುವುದನ್ನು ಅವರೇ ತೀರ್ಮಾನಿಸಲಿ, ದಿನದ ಕೂಲಿ ನೀವು ಕೊಡಿ. ಮಕ್ಕಳ ಹೆಸರು, ಫೋಟೋ, ಶಾಲೆ ಯಾವುದನ್ನೂ ಬಯಲು ಮಾಡುವಂತಿಲ್ಲ, ಬಾಲನ್ಯಾಯ ಕಾಯ್ದೆಯಲ್ಲಿ ಅದು ಅಪರಾಧ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತೂ ಅಷ್ಟೇ.

ನಿಮ್ಮ ತಂಡದವರ ಸುರಕ್ಷತೆಯನ್ನೂ ನೋಡಿಕೊಳ್ಳಿ. ಮೇಸ್ತ್ರಿ ಅದೇ ಊರಿನವನು, ಅವನ ಬೆನ್ನ ಹಿಂದೆ ದುಡ್ಡು ಇರುವವರು ಇರುತ್ತಾರೆ. ಒಬ್ಬರೇ ಮುಂದೆ ನಿಲ್ಲಬೇಡಿ, ಸಂಘದ ಹೆಸರಲ್ಲಿ ನಿಲ್ಲಿ, ಅರ್ಜಿಗೆ ಹತ್ತು ಸಹಿ ಇರಲಿ.

ಹೆಜ್ಜೆ 9: ಗುಳೆ ಪುಸ್ತಕ ಇಡಿ

ಎಷ್ಟು ಜನ ಸಭೆಗೆ ಬಂದರು ಅನ್ನುವ ಲೆಕ್ಕ ವರದಿಗೆ ಚೆಂದ, ಬೇರೆ ಪ್ರಯೋಜನವಿಲ್ಲ. ಪಂಚಾಯಿತಿಯಲ್ಲೋ ಅರಿವು ಕೇಂದ್ರದಲ್ಲೋ (ಪಂಚಾಯಿತಿ ಗ್ರಂಥಾಲಯ) ಒಂದು ನೋಟ್‌ಬುಕ್ ಇಡಿ. ಹೋಗುವವರ ಹೆಸರು, ಅವರ ಫೋನ್ ನಂಬರ್, ಜೊತೆಗೆ ಹೋದ ಮಕ್ಕಳು, ಎಲ್ಲಿಗೆ, ಯಾರ ಜೊತೆ, ಮೇಸ್ತ್ರಿ ಫೋನ್ ನಂಬರ್, ಮುಂಗಡದ ಮೊತ್ತ, ವಾಪಸ್ ಬರುವ ತಿಂಗಳು. ಬರೆಸುವುದು ಅವರ ಇಷ್ಟ, ಒತ್ತಾಯ ಬೇಡ. ಪುಸ್ತಕ ಬೀರುವಿನಲ್ಲಿ ಬೀಗ ಹಾಕಿ ಇರಲಿ, ಮೇಸ್ತ್ರಿ ಕಣ್ಣಿಗೆ ಬೀಳಬಾರದು. ಹದಿನೈದು ದಿನಕ್ಕೊಮ್ಮೆ ಸಂಘದ ಒಬ್ಬರು ಆ ನಂಬರುಗಳಿಗೆ ಫೋನ್ ಮಾಡಿ ‘ಹೇಗಿದ್ದೀರಿ, ಬಟವಾಡೆ ಬಂತಾ’ ಅಂತ ಕೇಳಲಿ. ಮೂರು ಸಲ ಮಾಡಿದರೂ ಫೋನ್ ಎತ್ತುವುದು ಬರೀ ಮೇಸ್ತ್ರಿಯೇ ಆದರೆ ಅದನ್ನೂ ಬರೆದುಕೊಳ್ಳಿ.

ಯುಗಾದಿ ಹೊತ್ತಿಗೆ, ಇಲ್ಲವೇ ಮಳೆ ಹಿಡಿದ ಮೇಲೆ ಜನ ವಾಪಸ್ ಬರುತ್ತಾರೆ. ಆಗ ಮತ್ತೆ ಕೂತು ಪುಸ್ತಕ ತೆಗೆಯಿರಿ. ಯಾರು ಬರಲಿಲ್ಲ, ಯಾರ ಬಾಕಿ ಎಷ್ಟು ಉಳಿಯಿತು, ಯಾವ ಮೇಸ್ತ್ರಿಯ ಹೆಸರು ಮತ್ತೆ ಮತ್ತೆ ಬರುತ್ತಿದೆ ನೋಡಿ. ಆ ಹೆಸರುಗಳೊಂದಿಗೆ ತಹಶೀಲ್ದಾರರಿಗೆ ಬರೆಯುವ ಅರ್ಜಿ ಗಣೇಶನ ಹಬ್ಬಕ್ಕೆ ಮುಂಚೆ ಸೀಲು ಬಿದ್ದು ನಿಮ್ಮ ಕೈಯಲ್ಲಿರಬೇಕು.